6061 ಅಲ್ಯೂಮಿನಿಯಂ, ಬಿರುಕು ತಡೆಯುವ ಶಕ್ತಿಯ (ಫ್ರ್ಯಾಕ್ಚರ್ ಟಫ್‌ನೆಸ್) ಟೆಸ್ಟ್: ಕೆ-ಕ್ಯೂ 27ರ ಹತ್ತಿರ ಬಂದರೂ ಟೆಸ್ಟ್ ಇನ್‌ವ್ಯಾಲಿಡ್, ಯಾಕೆ?

ಪ್ರಶ್ನೆ (ಬದಿಯಡ್ಕದಿಂದ)
ಕೊನೆಯ ವರ್ಷದ ಪ್ರಾಜೆಕ್ಟಿಗೆ 6061-ಟಿ6 ಪ್ಲೇಟಿನಿಂದ ಸಿಟಿ (ಕಾಂಪ್ಯಾಕ್ಟ್ ಟೆನ್ಶನ್, ಸೀಳು ಕೊರೆದು ಎಳೆಯುವ) ಸ್ಯಾಂಪಲ್ ಮಾಡಿಸಿದ್ದೇನೆ. ದಪ್ಪ 12.5 ಮಿಮೀ, ಡಬ್ಲ್ಯೂ (ಎಳೆಯುವ ಗೆರೆಯಿಂದ ಹಿಂದಿನ ಅಂಚಿನವರೆಗಿನ ಅಗಲ) 25, ಪ್ರೀಕ್ರ್ಯಾಕ್ (ಟೆಸ್ಟಿಗೆ ಮೊದಲು ಲೋಡ್ ಏರಿಸಿ ಇಳಿಸಿ ಬೆಳೆಸಿದ ಚೂಪು ಬಿರುಕು) ಸೇರಿ ಬಿರುಕು 12.5. ಪಿ-ಕ್ಯೂ (ಗ್ರಾಫಿನಿಂದ ಲೆಕ್ಕಕ್ಕೆ ಹಿಡಿಯುವ ಲೋಡ್) 5.5 ಕಿಲೋನ್ಯೂಟನ್, ಗರಿಷ್ಠ ಲೋಡ್ 7. ಅದರಿಂದ ಕೆ-ಕ್ಯೂ (ಟಫ್‌ನೆಸ್‌ನ ತಾತ್ಕಾಲಿಕ ಬೆಲೆ) 26.9 ಎಂಪಿಎ ರೂಟ್ ಮೀಟರ್ ಬಂತು. ಪುಸ್ತಕದಲ್ಲಿ ಕೆ-ಒನ್-ಸಿ (ಲೋಹದ ನಿಜವಾದ ಟಫ್‌ನೆಸ್) ಸುಮಾರು 29 ಇದೆ. ಇಷ್ಟು ಹತ್ತಿರ ಇದ್ದರೂ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಮೆಷಿನ್ ಕ್ಯಾಲಿಬ್ರೇಶನ್ ಸರಿ ಇಲ್ವಾ? ಮುರಿದ ಮುಖದ ಎರಡೂ ಅಂಚಿನಲ್ಲಿ ಓರೆಯಾಗಿ ತುಟಿ ಎದ್ದಿದೆ.

ಉತ್ತರ (ಮಂಜೇಶ್ವರದಿಂದ)
ಮೆಷಿನನ್ನು ಸುಮ್ನೆ ಬೈಯಬೇಡ ಮಾರಾಯ. ಆ ತುಟಿಯೇ ಉತ್ತರ ಹೇಳ್ತಿದೆ. ಅದು ಶಿಯರ್ ಲಿಪ್. ಅಂಚಿನಲ್ಲಿ ಲೋಹ ಜಗ್ಗಿ ಹರಿದಿದೆ, ಅಂದರೆ ದಪ್ಪ ಸಾಲಲಿಲ್ಲ.

ಎಎಸ್‌ಟಿಎಂ ಇ399 ಅನ್ನುವ ಟೆಸ್ಟ್ ನಿಯಮದಲ್ಲಿ ಗರಿಷ್ಠ ಲೋಡನ್ನು ಪಿ-ಕ್ಯೂದಿಂದ ಭಾಗಿಸಿದರೆ 1.10 ದಾಟಬಾರದು. ನಿನ್ನದು 1.27. ಇನ್ನೊಂದು ಲೆಕ್ಕ: ಕೆ-ಕ್ಯೂವನ್ನು ಯೀಲ್ಡ್‌ನಿಂದ ಭಾಗಿಸಿ, ವರ್ಗ ಮಾಡಿ, 2.5ರಿಂದ ಗುಣಿಸು. ಯೀಲ್ಡ್ (ಲೋಹ ಶಾಶ್ವತವಾಗಿ ಜಗ್ಗಲು ಶುರುವಾಗುವ ಒತ್ತಡ) 275 ಎಂಪಿಎ ಅಂತ ಹಿಡಿದರೆ 0.024 ಮೀಟರ್, ಅಂದರೆ 24 ಮಿಮೀ ಬರುತ್ತದೆ. ಬಿರುಕಿನ ಮುಂದೆ ಉಳಿದ ಲೋಹ ಅಷ್ಟಾದರೂ ಇರಬೇಕು. ನಿನ್ನ ಹತ್ತಿರ ಅದರ ಅರ್ಧ ಇದೆ. ಇನ್ನೂ ಗಟ್ಟಿ ಅಲ್ಯೂಮಿನಿಯಂ 7075-ಟಿ651 ಆಗಿದ್ದರೆ ಕೆ-ಒನ್-ಸಿ ಹೆಚ್ಚುಕಡಿಮೆ ಇಷ್ಟೇ, ಆದರೆ ಯೀಲ್ಡ್ 500ರ ಮೇಲೆ. 8 ಮಿಮೀಗೇ ಕೆಲಸ ಮುಗಿಯುತ್ತಿತ್ತು!

29ರ ಹತ್ತಿರ ಬಂತು ಅನ್ನುವುದನ್ನು ನಂಬಬೇಡ. ಸಣ್ಣ ಸ್ಯಾಂಪಲಿನಲ್ಲಿ ಬಿರುಕು ಮುಂದೆ ಹೋಗುವ ಮೊದಲೇ ತುದಿಯ ಸುತ್ತ ಲೋಹ ಯೀಲ್ಡ್ ಆಗಿ ಗ್ರಾಫ್ ಬಾಗುತ್ತದೆ. ಪಿ-ಕ್ಯೂ ಹುಡುಕಲು ಎಳೆಯುವ, 5 ಶೇಕಡಾ ಕಡಿಮೆ ಇಳಿಜಾರಿನ ಗೆರೆ ಗ್ರಾಫನ್ನು ಅಲ್ಲೇ ಕತ್ತರಿಸುತ್ತದೆ. ವರದಿಯಲ್ಲಿ ಅದನ್ನು ಕೆ-ಕ್ಯೂ ಅಂತಲೇ ಬರಿ, ದಪ್ಪವನ್ನೂ ನಮೂದಿಸು.

ಪ್ರಶ್ನೆ ಕೇಳಿದವರು
ಅಣ್ಣಾ, 30 ಮಿಮೀ ಪ್ಲೇಟ್ ಸಿಕ್ಕಿದರೆ? ನಮ್ಮ ಮೆಷಿನ್ 50 ಕಿಲೋನ್ಯೂಟನ್‌ದು.

ಉತ್ತರ (ಮಂಜೇಶ್ವರದಿಂದ)
ಡಬ್ಲ್ಯೂ 60 ಇಟ್ಟರೆ ಪಿ-ಕ್ಯೂ 22ರ ಆಸುಪಾಸು. ಮೆಷಿನ್ ಸಾಕು. ಪ್ರೀಕ್ರ್ಯಾಕ್ ಮಾತ್ರ ನಿಧಾನ ಮಾಡು. ಕೊನೆಯ ಹಂತದಲ್ಲಿ ಗರಿಷ್ಠ ಕೆ, ಕೆ-ಒನ್-ಸಿಯ 60 ಶೇಕಡಾ ಮೀರಬಾರದು.

ಇನ್ನೊಬ್ಬರು (ಉಪ್ಪಳದಿಂದ)
ಪ್ಲೇಟ್ ಸಿಗದಿದ್ದರೆ ಎಎಸ್‌ಟಿಎಂ ಇ1820ರ ಜೆ ಟೆಸ್ಟ್ (ಲೋಹ ಯೀಲ್ಡ್ ಆಗುವುದನ್ನೂ ಲೆಕ್ಕಕ್ಕೆ ಹಿಡಿಯುವ ಟೆಸ್ಟ್) ನೋಡಿ. ಅದಕ್ಕೆ 12.5 ಮಿಮೀ ಧಾರಾಳ. ಆದರೆ ಕ್ಲಿಪ್ ಗೇಜ್ (ಸೀಳು ಎಷ್ಟು ತೆರೆಯಿತು ಅಂತ ಅಳೆಯುವ ಸಾಧನ) ಮುಂದಿನ ಮುಖದಲ್ಲಲ್ಲ, ಲೋಡ್ ಲೈನಿನಲ್ಲೇ (ಪಿನ್‌ಗಳು ಎಳೆಯುವ ಗೆರೆಯಲ್ಲೇ) ಕೂರಬೇಕು. ಹಾಗಾಗಿ ನಾಚ್ (ಕೊರೆದ ಸೀಳು) ಹತ್ತಿರ ಜಾಗ ಬಿಟ್ಟು ಕೊರೆಯಲು ವರ್ಕ್‌ಶಾಪಿಗೆ ಮೊದಲೇ ಡ್ರಾಯಿಂಗ್ ಕೊಡಿ.