ಹಳೆ ಕ್ವಾಟ್ರೊಪೋರ್ಟೆ ತಗೊಳ್ಳಲಾ? ಇಟ್ಟುಕೊಂಡವರು ಅನುಭವ ಹೇಳಿ

ಹೂಸ್ಟನ್ ಹುಡುಗ: 2008ರ ಮಾಸೆರಾಟಿ ಕ್ವಾಟ್ರೊಪೋರ್ಟೆ ಒಂದು ಕಣ್ಣಿಗೆ ಬಿದ್ದಿದೆ. ಆಟೊಮ್ಯಾಟಿಕ್, ಸರ್ವಿಸ್ ದಾಖಲೆ ಪೂರ್ತಿ ಇದೆ. ದಿನಾ ಆಫೀಸಿಗೆ ಓಡಿಸಬೇಕು, ಹಿಂದಿನ ಸೀಟಲ್ಲಿ ಇಬ್ಬರು ಮಕ್ಕಳು. ಏನಂತೀರಿ?

ದಾವಣಗೆರೆ ಟು ಡೆಟ್ರಾಯಿಟ್: ನನ್ನದು 2005ರದ್ದು, ಡ್ಯುಯೊಸೆಲೆಕ್ಟ್, ಅಂದರೆ ಕ್ಲಚ್ಚನ್ನು ಕಂಪ್ಯೂಟರೇ ಒತ್ತೋ ಗೇರ್‌ಬಾಕ್ಸ್. ಅದು ಇರೋದು ಹಿಂದಿನ ಆಕ್ಸಲ್ ಹತ್ತಿರ. ಕಾಲಿಗೆ ಕ್ಲಚ್ ಸಿಗಲ್ಲ, ಹಾಗಂತ ಕ್ಲಚ್ ಇಲ್ಲ ಅಂದುಕೊಂಡರೆ ಕೆಟ್ಟಿರಿ. ನಮ್ಮ ಅಪಾರ್ಟ್‌ಮೆಂಟಿನ ಇಳಿಜಾರನ್ನು ದಿನಾ ರಿವರ್ಸಲ್ಲಿ ಹತ್ತಿಸಬೇಕಿತ್ತು, ಸುಟ್ಟ ವಾಸನೆ ಲಿಫ್ಟಿನವರೆಗೂ ಬರುತ್ತಿತ್ತು. ಗ್ಯಾರೇಜಿನವನು (ಹೆಸರು ಬೇಡ) ಕ್ಲಚ್‌ಗೆ 2,900 ಡಾಲರ್, ಕೂಲಿ 1,650, ಆಯಿಲ್ ಅದು ಇದು ಅಂತ 310 ಹಾಕಿದ. ಇಷ್ಟೆಲ್ಲ ಕಿತ್ತುಕೊಂಡು, ಹೊಸ ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಕಂಪ್ಯೂಟರಿಗೆ ಸೆಟ್ ಮಾಡಲೇ ಇಲ್ಲ! ಚಳಿಗಾಲ ಬರೋ ಮೊದಲೇ ಮತ್ತೆ ಸ್ಲಿಪ್ ಆಗೋಕೆ ಶುರು. ಟೋ ಮಾಡಿದವನಿಗೆ 240. ಬಾಡಿಗೆ ಕಾರಿನ ಖರ್ಚು ಬೇರೆ. ಮಾರಿದ ದಿನ ಮನೆಯಲ್ಲಿ ಪಾಯಸ ಮಾಡಿದ್ವಿ.

ಕುಡ್ಲದವ, ಕ್ಯಾಲಿಫೋರ್ನಿಯಾ: ಮಾರಾಯ್ರೇ, ರಿವರ್ಸಲ್ಲಿ ಗುಡ್ಡ ಹತ್ತಿಸಿದ್ದು ನೀವು, ಬೈಗುಳ ಕಾರಿಗಾ? 2007ರಲ್ಲಿ ಝಡ್‌ಎಫ್ (ಜರ್ಮನಿಯ ಗೇರ್‌ಬಾಕ್ಸ್ ಕಂಪನಿ) 6 ಸ್ಪೀಡ್ ಆಟೊಮ್ಯಾಟಿಕ್ ಬಂದ ಮೇಲೆ ಆ ರಗಳೆಯೇ ಇಲ್ಲ. ನನ್ನದು 2009ರ ಕ್ವಾಟ್ರೊಪೋರ್ಟೆ ಎಸ್, 4.7 ಲೀಟರ್ ವಿ8, 425 ಎಚ್‌ಪಿ. ಇಟಲಿಯ ಡಿಸೈನ್ ಕಂಪನಿ ಪಿನಿನ್‌ಫರಿನಾ ಮಾಡಿದ ಡಿಸೈನು, ಗ್ಯಾಸ್ ಸ್ಟೇಷನ್‌ನಲ್ಲಿ ಈಗಲೂ ಜನ ಬಂದು ಮಾತಾಡಿಸ್ತಾರೆ. ಫೆರಾರಿ ಎಂಜಿನ್ ಸ್ವಾಮಿ, ಸುಮ್ನೆ ಅಲ್ಲ! ಟೈರ್ ಒಂದೇ ಹೊಟ್ಟೆ ಉರಿಸೋದು. ಹಿಂದೆ ಮುಂದೆ ಅಳತೆ ಬೇರೆ ಬೇರೆ, ಅದಲು ಬದಲು ಮಾಡೋ ಹಾಗಿಲ್ಲ. ಹಿಂದಿನ ಜೋಡಿ ಬೇಗ ಸವೆಯುತ್ತೆ, ಪ್ರತಿ ಸಲ 820 ಡಾಲರ್, ಫಿಟ್ಟಿಂಗ್ ಬಿಟ್ಟು.

ಮೈಸೂರ್ ಇನ್ ಯುಕೆ: ಫೆರಾರಿ ಎಂಜಿನ್ ಅಂತೆ. ಮರನೆಲ್ಲೊದ ಫೆರಾರಿ ಫ್ಯಾಕ್ಟರಿಯಲ್ಲಿ ಜೋಡಿಸಿದ್ದು ನಿಜ, ಆದರೆ ಪಿಸ್ಟನ್‌ಗಳು ತಿರುಗಿಸೋ ದಂಡ, ಅದೇ ಕ್ರ್ಯಾಂಕ್, ನಿಮ್ಮದು ಕ್ರಾಸ್‌ಪ್ಲೇನ್ (ಬಾಗುಗಳು ನಾಲ್ಕು ದಿಕ್ಕಿಗೆ), ಫೆರಾರಿ ಎಫ್430ಗೆ ಫ್ಲ್ಯಾಟ್‌ಪ್ಲೇನ್ (ಎರಡೇ ದಿಕ್ಕಿಗೆ). ಆ ಕಿರುಚಾಟ ನಿಮಗೆ ಬರಲ್ಲ. ನನ್ನದು ಮಾಸೆರಾಟಿಯದೇ ಗಿಬ್ಲಿ ಡೀಸೆಲ್, 275 ಎಚ್‌ಪಿ. ಅದೇ ಕಾಲದ ಕ್ವಾಟ್ರೊಪೋರ್ಟೆಗಿಂತ ಸುಮಾರು 30 ಸೆಂ.ಮೀ. ಗಿಡ್ಡ, ನಮ್ಮ ಬೀದಿಯಲ್ಲಿ ನಿಲ್ಲಿಸೋಕಾದರೂ ಆಗುತ್ತೆ. ಕಷ್ಟ ಕೊಟ್ಟಿದ್ದು ಕಾರಲ್ಲ, ರಸ್ತೆ. ಗುಂಡಿಗೆ ಬಿದ್ದು ರಿಮ್ ಸೀಳಿತು, 640 ಪೌಂಡ್. ಇನ್ಶೂರೆನ್ಸಿನವರು ಆರು ಫಾರ್ಮ್ ತುಂಬಿಸಿಕೊಂಡು 210 ಕೊಟ್ಟರು. ಉಳಿದ 430 ಯಾರಪ್ಪ ಕೊಡ್ತಾನೆ?

ಕುಡ್ಲದವ, ಕ್ಯಾಲಿಫೋರ್ನಿಯಾ: ಡೀಸೆಲ್ ಮಾಸೆರಾಟಿ! ಅದರ ಬದಲು ಟೆಂಪೊ ಟ್ರಾವೆಲರ್ ತಗೊಂಡಿದ್ದರೆ ನೆಂಟರನ್ನೆಲ್ಲ ಕೂರಿಸಬಹುದಿತ್ತು.

ಮೈಸೂರ್ ಇನ್ ಯುಕೆ: ಮರ್ಯಾದೆ ಕೊಟ್ಟು ಮಾತಾಡಿ. ನಿಮ್ಮ ವಿ8 ಗ್ಯಾಲನ್‌ಗೆ ಎಷ್ಟು ಕೊಡುತ್ತೆ, ಹೇಳಿ ನೋಡೋಣ.

ಕುಡ್ಲದವ, ಕ್ಯಾಲಿಫೋರ್ನಿಯಾ: ಊರೊಳಗೆ 11 ಮೈಲಿ. ಏನೀಗ?

ಟೊರೊಂಟೊ ತಿಪಟೂರು: ಇಬ್ಬರೂ ಸುಮ್ನಿರಿ. ಇಟಲಿ ಸೆಡಾನ್ ಅಂದರೆ ಆಲ್ಫಾ ರೋಮಿಯೊ ಜೂಲಿಯಾ ಕ್ವಾಡ್ರಿಫೋಲಿಯೊ. 2.9 ಲೀಟರ್ ವಿ6, 505 ಎಚ್‌ಪಿ. ಹೋದ ವರ್ಷ ಬ್ರೇಕ್ ಪ್ಯಾಡಿಗೇ ಎಷ್ಟು ಸುರಿದೆ ಅಂತ ಹೇಳಿದರೆ ನಗ್ತೀರಿ, ಹೇಳಲ್ಲ.

ಹೂಸ್ಟನ್ ಹುಡುಗ: ಸರ್, ಮಕ್ಕಳ ಸೀಟ್ ಹಿಡಿಸುತ್ತಾ?

ದಾವಣಗೆರೆ ಟು ಡೆಟ್ರಾಯಿಟ್: ಸೀಟ್ ಇರಲಿ. ಕುಡ್ಲದವರೇ, ತಪ್ಪು ನನ್ನದು ಅಂದಿರಲ್ಲ, ಗ್ಯಾರೇಜಿನ ಬಿಲ್ ಇನ್ನೂ ಇಟ್ಟಿದ್ದೇನೆ. ಹಾಕಲಾ ಇಲ್ಲಿ?

ಕುಡ್ಲದವ, ಕ್ಯಾಲಿಫೋರ್ನಿಯಾ: ಹಾಕಿ ಮಾರಾಯ್ರೇ. ಜೊತೆಗೆ ಆ ಇಳಿಜಾರಿನ ಫೋಟೊನೂ ಹಾಕಿ.