ಹೊಟ್ಟಿನ ಬೂದಿ ಗಾರೆಗೆ ಎಷ್ಟು ಹಾಕಬಹುದು?

ಪ್ರಶ್ನೆ: ಅಕ್ಕಿ ಗಿರಣಿಯ ಬಾಯ್ಲರಿನಿಂದ ಭತ್ತದ ಹೊಟ್ಟಿನ ಬೂದಿ ಬೇಕಾದಷ್ಟು ಸಿಗುತ್ತಿದೆ. ಗೋಡೆ ಕಟ್ಟುವ ಗಾರೆಯಲ್ಲಿ ಸಿಮೆಂಟ್ ಸ್ವಲ್ಪ ಕಡಿಮೆ ಮಾಡಿ ಇದನ್ನು ಸೇರಿಸಬಹುದಾ? ಎಷ್ಟು ಪಾಲು? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ: ಸೇರಿಸಬಹುದು. ಆದರೆ ಎಷ್ಟು ಅನ್ನೋದಕ್ಕಿಂತ ಮೊದಲು ಎಂಥ ಬೂದಿ ಅಂತ ನೋಡಿ. ಪೂರ್ತಿ ಉರಿದ ಹೊಟ್ಟಿನ ಬೂದಿಯಲ್ಲಿ ಶೇ 85ರಿಂದ 95ರಷ್ಟು ಸಿಲಿಕಾ (ಮರಳಿನಲ್ಲೂ ಇರೋ ವಸ್ತು) ಇರುತ್ತೆ. ಸಿಮೆಂಟಿಗೆ ನೀರು ಬಿದ್ದಾಗ ಹೊರಬರುವ ಸುಣ್ಣದ ಜೊತೆ ಈ ಸಿಲಿಕಾ ಕೂಡಿಕೊಂಡು ಗಟ್ಟಿ ಅಂಟಾಗುತ್ತೆ. ಇದು ನಡೆಯಬೇಕಾದರೆ ಸಿಲಿಕಾ ಹರಳುಗಟ್ಟಿರಬಾರದು. ಸುಮಾರು 500ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿದ ಬೂದಿ ಒಳ್ಳೆಯದು. ಅದಕ್ಕಿಂತ ಜಾಸ್ತಿ ಕಾವಿನಲ್ಲಿ ತುಂಬಾ ಹೊತ್ತು ಇದ್ದರೆ ಹರಳಾಗುತ್ತೆ, ಆಮೇಲೆ ಗಾರೆಯಲ್ಲಿ ಅದರ ಕೆಲಸ ಬರೀ ನುಣ್ಣನೆ ಮರಳಿನಷ್ಟೇ. ಕಡುಕಪ್ಪಾಗಿದ್ದರೆ ಇನ್ನೂ ಇಂಗಾಲ ಉಳಿದಿದೆ ಅಂತ ಅರ್ಥ. ಬೂದುಬಣ್ಣ ಇದ್ದ ಮಾತ್ರಕ್ಕೆ ನಂಬಬೇಡಿ, ಹರಳಾಗಿದೆಯೋ ಇಲ್ಲವೋ ಅಂತ ಬಣ್ಣ ಹೇಳಲ್ಲ.

ನಾನು ಮಾಡೋ ಪರೀಕ್ಷೆ ಹೀಗೆ. ನುಣ್ಣಗೆ ಅರೆದ ಬೂದಿ ಎರಡು ಪಾಲು, ಅರಳಿದ ಸುಣ್ಣದ ಪುಡಿ ಒಂದು ಪಾಲು, ತೂಕದಲ್ಲೇ. ನೀರು ಹಾಕಿ ಕಲಸಿ ಬಿಲ್ಲೆ ತಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆಯಾಗಿಯೇ ಬಿಗಿಯಾಗಿ ಕಟ್ಟಿಡಿ. ಗಾಳಿಗೆ ಬಿಟ್ಟರೆ ಸುಣ್ಣ ತಾನೇ ಗಟ್ಟಿಯಾಗಿ ನಿಮ್ಮನ್ನು ದಾರಿ ತಪ್ಪಿಸುತ್ತೆ. ಪಕ್ಕಕ್ಕೆ ಬರೀ ಸುಣ್ಣದ್ದೂ ಒಂದು ಬಿಲ್ಲೆ ಇರಲಿ. ಎರಡು ವಾರ ಕಳೆದ ಮೇಲೆ ಎರಡನ್ನೂ ನೀರಿಗೆ ಹಾಕಿ. ಬರೀ ಸುಣ್ಣದ್ದು ಕರಗಿ ಕದಡುತ್ತೆ. ಬೂದಿ ಸೇರಿದ್ದು ಅಂಚು ಉದುರದೆ, ಉಗುರಿಗೆ ಸಿಕ್ಕದೆ ನಿಂತರೆ ಆ ಬೂದಿಯನ್ನು ಮುಂದಕ್ಕೆ ತಗೊಳ್ಳಿ. ಇಲ್ಲದಿದ್ದರೆ ಬಿಟ್ಟುಬಿಡಿ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಪೂರ್ತಿ ಸರಿ. ನನ್ನ ಲೆಕ್ಕದಲ್ಲಿ ಸಿಮೆಂಟಿನ ತೂಕದ ಶೇ 10ರಿಂದ ಶುರು ಮಾಡಿ, 15 ದಾಟಬೇಡಿ. ಬಕೆಟ್ ಲೆಕ್ಕ ಬೇಡವೇ ಬೇಡ, ಬೂದಿ ಸಿಮೆಂಟಿಗಿಂತ ಬಹಳ ಹಗುರ. ಬಾಲ್ ಮಿಲ್‌ನಲ್ಲಿ ಅರೆಸಿ, ಸಿಮೆಂಟಿನಷ್ಟಾದರೂ ನುಣ್ಣಗಾಗಲಿ. ಅರೆದ ಮೇಲೂ ಅದು ನೀರು ಹೀರುತ್ತೆ. ಕರಣೆಗೆ ಗಾರೆ ಬಿರುಸು ಅನಿಸಿದ ತಕ್ಷಣ ಮೇಸ್ತ್ರಿ ಇನ್ನೊಂದು ಚೊಂಬು ನೀರು ಸುರಿಯುತ್ತಾರೆ, ಅಲ್ಲಿಗೆ ಬೂದಿಯಿಂದ ಬಂದ ಬಲವೆಲ್ಲ ಹೋಯಿತು. ಅದಕ್ಕೆ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಗಾರೆಯನ್ನು ಮೆದು ಮಾಡುವ ರಾಸಾಯನಿಕ) ಬಳಸಿ. ಮೊದಲ ವಾರ ಬಲ ಕಡಿಮೆ ಕಂಡರೆ ಗಾಬರಿ ಬೇಡ, 28 ದಿನದ್ದನ್ನೂ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕ್ಯೂರಿಂಗ್ (ನೀರು ಹಾಕಿ ಒದ್ದೆಯಾಗಿಡೋದು) ಅಂತೂ ಬಿಡಬಾರದು, ಗಾರೆ ಒಣಗಿದರೆ ಬೂದಿಯ ಕೆಲಸ ಅಲ್ಲಿಗೇ ನಿಲ್ಲುತ್ತೆ.

ಮತ್ತೊಬ್ಬರು: ಚೀಲದ ಮೇಲೆ ಯಾವ ಸಿಮೆಂಟ್ ಅಂತ ಓದಿದಿರಾ? ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್) ಆದರೆ ಅದರಲ್ಲಿ ಕಲ್ಲಿದ್ದಲು ಉರಿದಾಗ ಸಿಗುವ ಹಾರುಬೂದಿಯೋ ಅಂಥದ್ದೇ ಇನ್ನೊಂದೋ ಆಗಲೇ ಇರುತ್ತೆ. ಅದರ ಮೇಲೆ ಮತ್ತೆ ಬೂದಿ ಹಾಕಿದರೆ ಕೂಡಿಕೊಳ್ಳೋಕೆ ಸುಣ್ಣ ಸಾಲದೆ ಹೋಗಬಹುದು. ಒಪಿಸಿ, ಅಂದರೆ ಅಂಥದ್ದು ಬೆರೆಸದ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್ ತಗೊಳ್ಳಿ. ಕಟ್ಟಿಗೆ ಒಲೆಯ ಬೂದಿಯನ್ನು ಇದರ ಜೊತೆ ಬೆರೆಸಬೇಡಿ. ಅದರಲ್ಲಿ ಪೊಟ್ಯಾಶ್ ಜಾಸ್ತಿ, ಗೋಡೆ ಮೇಲೆ ಬಿಳಿ ಉಪ್ಪು ಏಳಬಹುದು. ಅರೆಯುವವರಿಗೆ, ಜರಡಿ ಹಿಡಿಯುವವರಿಗೆ ಧೂಳು ತಡೆಯುವ ಒಳ್ಳೆ ಮಾಸ್ಕ್ ಕೊಡಿಸಿ, ಬಟ್ಟೆ ಕಟ್ಟಿಕೊಂಡರೆ ಸಾಲದು. ಹರಳಾದ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತೆ, ಅದು ವಾಸಿಯಾಗುವ ಕಾಯಿಲೆ ಅಲ್ಲ.