ಅಪ್‌ಡೇಟ್: ಅಪ್ಪನ ಮ್ಯೂಸಿಕ್ ಪ್ಲೇಯರ್ ಬ್ಯಾಟರಿ ಟೆಸ್ಟ್ ಏನಾಯ್ತು

ಹೋದ ವಾರ ಕೇಳಿದ್ನಲ್ಲ, ಅಪ್ಪನ ಪ್ಲೇಯರ್ ಡಬ್ಬದ ಮೇಲೆ 20 ಗಂಟೆ ಅಂತಿದೆ, ನಮ್ಗೆ 9 ಗಂಟೆಗೇ ಆಫ್ ಆಗ್ತಿದೆ, ಬ್ಯಾಟರಿ ಚೇಂಜ್ ಮಾಡ್ಸಬೇಕಾ ಅಂತ. ಬೇಡ, ಬ್ಯಾಟರಿ ಚೆನ್ನಾಗೇ ಇದೆ!

ರಾತ್ರಿಯಿಡೀ ಎದ್ದು ನೋಡೋಕಾಗಲ್ಲ ಅಂದಾಗ ಒಬ್ರು ಹೇಳಿದ್ರಲ್ಲ, ಔಟ್‌ಪುಟ್‌ನ ಲ್ಯಾಪ್‌ಟಾಪ್‌ಗೆ ಕೊಟ್ಟು ರೆಕಾರ್ಡ್ ಮಾಡಿ ಅಂತ, ಅದು ಸೂಪರ್ ಐಡಿಯಾ. ಬೆಳಿಗ್ಗೆ ಎದ್ದು ನೋಡಿದ್ರೆ ಅಲೆಅಲೆಯಾಗಿ ಬರ್ತಿದ್ದ ಗೆರೆ ಒಂದು ಕಡೆ ಥಟ್ ಅಂತ ನೇರ ಆಗಿರತ್ತೆ, ನಿಂತ ಟೈಮ್ ನಿಮಿಷದ ಲೆಕ್ಕದಲ್ಲಿ ಸಿಗತ್ತೆ. ಆದ್ರೆ ಸ್ಪ್ಲಿಟರ್ (ಒಂದು ಔಟ್‌ಪುಟ್‌ನ ಎರಡು ಮಾಡೋ ಪಿನ್) ಹಾಕಿ ಹೆಡ್‌ಫೋನೂ ಜೊತೆಗಿರ್ಲಿ, ಬರೀ ಲ್ಯಾಪ್‌ಟಾಪ್‌ನ ಲೈನ್ ಇನ್‌ಗೆ (ಆಡಿಯೋ ಒಳಗೆ ಕೊಡೋ ತೂತು) ಕೊಟ್ರೆ ಪ್ಲೇಯರ್ ಮೇಲೆ ಲೋಡೇ ಇರಲ್ಲ, ಗಂಟೆ ಸುಳ್ಳೇ ಜಾಸ್ತಿ ಬರತ್ತೆ.

ರೀಸೆಟ್ ಮಾಡಿದ್ದು, ಮೆಮೊರಿ ಕಾರ್ಡ್ ಬದಲಾಯ್ಸಿದ್ದು ಎರಡೂ ಉಪಯೋಗ ಆಗ್ಲಿಲ್ಲ. ಪೂರ್ತಿ ಖಾಲಿ ಮಾಡಿ ಫುಲ್ ಚಾರ್ಜ್ ಮಾಡಿದ್ದಕ್ಕೆ ಪರ್ಸೆಂಟ್ ತೋರ್ಸೋದು ಸರಿಹೋಯ್ತು ಅಷ್ಟೇ, ಗಂಟೆ ಏರ್ಲಿಲ್ಲ, ಲಿಥಿಯಂ ಬ್ಯಾಟರಿನ ಪದೇಪದೇ ಸೊನ್ನೆಗೆ ಇಳಿಸೋದೂ ಒಳ್ಳೇದಲ್ಲ.

ಕೆಲಸ ಮಾಡಿದ್ದು ಬ್ಯಾಕ್‌ಲೈಟ್ ನೋಡಿ ಅಂದವ್ರ ಮಾತು. ಅಪ್ಪಂಗೆ ಅಕ್ಷರ ಕಾಣ್ಲಿ ಅಂತ ನಾನೇ 'ಯಾವಾಗ್ಲೂ ಆನ್' ಇಟ್ಟಿದ್ದೆ, ಅಂಗಿ ಜೇಬಲ್ಲಿ ದಿನವಿಡೀ ಉರೀತಿತ್ತು. 10 ಸೆಕೆಂಡ್‌ಗೆ ಇಟ್ಟ ಮೇಲೆ 16 ಗಂಟೆ 40 ನಿಮಿಷ, ಈಕ್ವಲೈಜರ್ (ಬಾಸ್, ಟ್ರೆಬಲ್ ಹೊಂದ್ಸೋ ಸೆಟ್ಟಿಂಗ್) ಆಫ್ ಮಾಡಿದ್ರೆ 18 ದಾಟ್ತು, ಅದು ಇಷ್ಟು ಚಾರ್ಜ್ ತಿನ್ನತ್ತೆ ಅಂತ ಗೊತ್ತೇ ಇರ್ಲಿಲ್ಲ. ವಾಲ್ಯೂಮ್ ಎಲ್ಲಾ ಸಲಾನೂ ಅರ್ಧಕ್ಕೇ ಇತ್ತು.

ಹೇಳಿದ ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಪ್ಪ ಈಗ ಬೆಳಿಗ್ಗೆ ವಾಕಿಂಗಿಂದ ರಾತ್ರಿ ಮಲಗೋವರ್ಗೂ ಕೇಳ್ತಿದಾರೆ.